ಶಾವಂತ್ರೆವ್ವ ಉಂಡದ್ದು ಯಾವಾಗ?

ಕಪ್ಪತಗುಡ್ಡದ ತಪ್ಪಲು
ಗಾಳಿ ತಿಂಗಳ ಮೂವತ್ತೇಳನೇ ದಿನ, 2187

ಗೌರವಾನ್ವಿತ ಶಾವಂತ್ರೆವ್ವನವರಿಗೆ,

ಊಟಕ್ಕೆ ಕುಳಿತವರು ‘ಸಾಕು’ ಎಂದರೂ ನೀವು ಕೇಳುತ್ತಿರಲಿಲ್ಲ ಎಂಬ ಸಂಗತಿಯನ್ನು ಮಕ್ಕಳಿಗೆ ಹೇಳದೆಯೇ ಬಿಟ್ಟುಬಿಡುವವಳಿದ್ದೆ. ಇದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಕಾಲದವರು ನಿಮ್ಮನ್ನು ಕೊಂಡಾಡಿದ್ದೇ ಅದಕ್ಕಾಗಿ ಎಂದು ನಾನು ಓದಿದ್ದೇನೆ. ನಮ್ಮಲ್ಲಿ ಅದು ಮಕ್ಕಳ ಮುಂದೆ ಆಡುವ ಮಾತಲ್ಲ. ಯಾಕೆ ಎಂದು ಹೇಳುವುದಕ್ಕೆ ನಮ್ಮ ಊರನ್ನೂ ನಮ್ಮ ಊಟವನ್ನೂ ಸ್ವಲ್ಪ ಪರಿಚಯಿಸಬೇಕಾಗುತ್ತದೆ. ತಾಳ್ಮೆಯಿಂದ ಓದಿ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಂಡಿರುತ್ತದೆ. ನಮ್ಮ ತಿಂಗಳಿಗೆ ನಲವತ್ತು ದಿನ. ಬಿಸಿಲು, ಗಾಳಿ, ಮಳೆ ಹಳೆಯ ಪಂಚಾಂಗದ ಮಾತು ಕೇಳುವುದನ್ನು ಬಿಟ್ಟ ಮೇಲೆ ನಮ್ಮ ಹಿರಿಯರು ತಿಂಗಳುಗಳನ್ನೇ ಹಿಗ್ಗಿಸಿಕೊಂಡರು. ಇನ್ನು ನನ್ನ ಭಾಷೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಆಡುವ ಕನ್ನಡ ಬಾಯಲ್ಲಿತ್ತು. ಬರೆಯುವ ಕನ್ನಡವನ್ನು ಮೂವತ್ತು ದಾಟಿದ ಮೇಲೆ, ನಿಮ್ಮ ಕಾಲದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕಲಿತೆ. ಹಾಗಾಗಿ ನನ್ನ ವಾಕ್ಯಗಳು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿಗಿಯಾಗಿರುತ್ತವೆ ಎಂದು ನನ್ನ ಗಂಡ ನಗುತ್ತಾನೆ. ಕೆಲವು ಪದಗಳು ನಿಮ್ಮ ಕಾಲದಲ್ಲಿ ಹುಟ್ಟಿಯೇ ಇಲ್ಲ. ಅವು ಬಂದ ಕಡೆ ಬಿಡಿಸಿ ಹೇಳುತ್ತೇನೆ.

ಈ ಪತ್ರ ನಿಮಗೆ ಹಿಂದಂಚೆಯಲ್ಲಿ ಬರುತ್ತದೆ. ಬದುಕಿರುವವರಿಗೆ ಬರೆದರೆ ಅಂಚೆ, ಹಿಂದೆ ಬದುಕಿದ್ದವರಿಗೆ ಬರೆದರೆ ಹಿಂದಂಚೆ. ನೀವು ‘ಫ್ಯಾನು’ ಎಂದು ಕರೆಯುತ್ತಿದ್ದ ದೊಡ್ಡ ಗಾಳಿಯಂತ್ರಗಳಲ್ಲಿ ಒಂದರ ಮೋಟು ಕಂಬ ಇನ್ನೂ ಗುಡ್ಡದ ಮೇಲಿದೆ. ಹಿಂದಂಚೆಯ ಯಂತ್ರ ಅದರ ಹೊಟ್ಟೆಯೊಳಗಿದೆ. ಅದು ಹೇಗೆ ನಡೆಯುತ್ತದೆ ಎಂದು ನನ್ನನ್ನು ಕೇಳಬೇಡಿ. ಅದನ್ನು ನೋಡಿಕೊಳ್ಳುವವರಿಗೂ ಪೂರ್ತಿ ಗೊತ್ತಿದ್ದಂತಿಲ್ಲ. ಪತ್ರ ಹೋಗುತ್ತದೆ. ತಲುಪಿತು ಎಂಬುದಕ್ಕೆ ರಸೀದಿ ಇಲ್ಲ, ಮರುಪತ್ರ ಇಲ್ಲ. ಓದುವವರಿಗೆ ಅವರ ಮುಂದಿನ ದಿನಗಳ ಸುದ್ದಿ ತಿಳಿಸಬಾರದು ಎಂಬ ನಿಯಮ ಮಾತ್ರ ಇದೆ. ಆದ್ದರಿಂದ ನೀವು ಮುಂದೆ ಏನಾದಿರಿ ಎಂದು ನಾನು ಬರೆಯುವುದಿಲ್ಲ. ಗದಗಿನ ಬಸ್ ನಿಲ್ದಾಣದ ಹಿಂದಿನ ನಿಮ್ಮ ಖಾನಾವಳಿ, ಆಮೇಲೆ ಟಿವಿಯ ಅಡುಗೆ ಸ್ಪರ್ಧೆಗಳಲ್ಲಿ ಇಳಕಲ್ ಸೀರೆ ಉಟ್ಟು ಕುಳಿತು ದೊಡ್ಡ ದೊಡ್ಡ ಹೋಟೆಲಿನ ಬಾಣಸಿಗರಿಗೆ ‘ನೋಡಾಕ ಚಂದೈತಿ, ಉಣ್ಣಾಕ ಏನೈತಿ?’ ಎಂದು ಕೇಳಿದ್ದು, ಬೇರೆ ಬೇರೆ ಊರುಗಳಲ್ಲಿ ನಿಮ್ಮ ಹೆಸರಿನ ಊಟದ ಮನೆಗಳು ತೆರೆದದ್ದು, ಇಷ್ಟು ನಿಮಗೆ ಈಗಾಗಲೇ ಗೊತ್ತಿರುವುದೇ. ಅಷ್ಟನ್ನೇ ಮುಟ್ಟುತ್ತೇನೆ.

ನಾವಿರುವುದು ಗುಡ್ಡದ ಬುಡದಲ್ಲಿ, ಅರ್ಧ ನೆಲದೊಳಗೆ ಇಳಿದ ಮನೆಗಳಲ್ಲಿ. ಬಿಸಿಲು ತಿಂಗಳುಗಳಲ್ಲಿ ಹಗಲು ಹೊರಗೆ ಬರುವಂತಿಲ್ಲ. ಶಾಲೆ ಬೆಳಗಿನ ಜಾವದಲ್ಲೇ ಮುಗಿಯುತ್ತದೆ. ಮನೆಗಳಲ್ಲಿ ಒಲೆ ಇಲ್ಲ. ಬೆಂಕಿಯ ಕಾವನ್ನು ಮನೆಯೊಳಗೆ ತರುವುದು ನಮಗೆ ಹುಚ್ಚುತನವಾಗಿ ಕಾಣುತ್ತದೆ. ಓಣಿಗೊಂದು ಬುತ್ತಿಮನೆ ಇದೆ, ನೆಲದಡಿಯಲ್ಲಿ. ಅಲ್ಲಿ ಇಡೀ ಓಣಿಯ ಅಡುಗೆ ಆಗಿ, ದಿನಕ್ಕೆರಡು ಸಲ ಪ್ರತಿಯೊಬ್ಬರ ಹೆಸರಿನ ಪಾಲುಬುತ್ತಿ ಮನೆಗೆ ಬರುತ್ತದೆ. ಪಾಲುಬುತ್ತಿ ಎಂದರೆ ಮುಚ್ಚಳವಿರುವ ಮಣ್ಣಿನ ಬಟ್ಟಲು. ಅದರಲ್ಲಿ ಏನಿರಬೇಕು, ಎಷ್ಟಿರಬೇಕು ಎಂಬುದು ನಮ್ಮ ವಯಸ್ಸು, ಕೆಲಸ, ಮೈಯ ಆರೋಗ್ಯ ನೋಡಿ ನಿರ್ಧಾರವಾಗುತ್ತದೆ. ಬಸುರಿಯರಿಗೆ ಹೆಚ್ಚು, ಬಾವಿ ತೋಡುವವರಿಗೆ ಹೆಚ್ಚು, ನನ್ನಂತೆ ಕುಳಿತು ಪಾಠ ಹೇಳುವವರಿಗೆ ಕಡಿಮೆ. ಕನಿಕರ ಪಡಬೇಡಿ, ರುಚಿಯಾಗಿಯೇ ಇರುತ್ತದೆ. ಜೋಳದ ರೊಟ್ಟಿ ನಮಗೂ ಇದೆ. ಶೇಂಗಾ ಹಿಂಡಿ ಅಪರೂಪ, ಆದರೆ ಇದೆ. ಇಲ್ಲದಿರುವುದು ಬಡಿಸುವವರು. ಬಟ್ಟಲು ತಂದವರು ಹೊಸ್ತಿಲಲ್ಲಿಟ್ಟು, ಹೆಸರು ಕೂಗಿ ಹೋಗುತ್ತಾರೆ.

ಹೀಗಾದದ್ದಕ್ಕೆ ಕಾರಣವಿದೆ. ನನ್ನ ಮುತ್ತಜ್ಜಿಯ ಕಾಲವನ್ನು ನಾವು ಕೊರತೆಗಾಲ ಎನ್ನುತ್ತೇವೆ. ಆಗ ಒಬ್ಬರ ತಟ್ಟೆಯ ಎರಡನೇ ರೊಟ್ಟಿ ಇನ್ನೊಬ್ಬರ ತಟ್ಟೆಯ ಮೊದಲನೆಯದಾಗಿರುತ್ತಿತ್ತು. ಎಷ್ಟೋ ಮನೆಗಳಲ್ಲಿ ತಾಯಂದಿರು ‘ನನಗ ಹಸಿವಿಲ್ಲ’ ಎಂದು ತಮ್ಮದನ್ನು ಮಕ್ಕಳ ಕಡೆ ಸರಿಸುತ್ತ ಸರಿಸುತ್ತ ತೀರಿಕೊಂಡರು. ನನ್ನ ಮುತ್ತಜ್ಜಿಯ ಅಕ್ಕ ಹಾಗೆ ಹೋದವಳು. ಕೊರತೆ ಕಳೆದ ಮೇಲೆ ಬದುಕಿ ಉಳಿದವರು ಎರಡು ಕಟ್ಟು ಹಾಕಿಕೊಂಡರು. ‘ಸಾಕು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನೀಡುವ ಕೈ ನಿಲ್ಲಬೇಕು. ತನ್ನ ಪಾಲನ್ನು ತಾನೇ ಉಣ್ಣಬೇಕು, ಯಾರಿಗೂ ಕೊಡಬಾರದು. ಈಗ ಕಣಜಗಳು ತುಂಬಿವೆ, ಆದರೂ ಕಟ್ಟು ಉಳಿದಿದೆ. ನಮ್ಮ ಮಕ್ಕಳು ಅಮ್ಮ, ಅಪ್ಪ ಎಂಬ ಮಾತುಗಳ ಜೊತೆಗೇ ‘ಸಾಕು’ ಕಲಿಯುತ್ತಾರೆ.

ಇಂಥ ಮಕ್ಕಳಿಗೆ ನಿಮ್ಮ ಬಾಳನ್ನು ಪರಿಚಯಿಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂತು.

ಪರಿಚಯಿಸುವುದು ಎಂದರೆ ನಮ್ಮಲ್ಲಿ ಬರೀ ಪಾಠವಲ್ಲ. ಯಾವ ಚಿತ್ರ ನಿಜದ್ದು, ಯಾವುದು ಯಂತ್ರ ಕಟ್ಟಿದ್ದು ಎಂದು ಹೇಳಲಾಗದ ಕಾಲವೊಂದು ನಡುವೆ ಬಂದುಹೋಯಿತು. ಆಮೇಲೆ ನಮ್ಮ ಊರಿನವರು ಹೀಗೆ ತೀರ್ಮಾನಿಸಿದರು: ಹತ್ತು ವರ್ಷದ ಮಕ್ಕಳು ಒಪ್ಪಿ, ಬಾಯಲ್ಲಿ ಹೊತ್ತುಕೊಂಡ ಬಾಳುಗಳನ್ನು ಮಾತ್ರ ಉಳಿಸಿಕೊಳ್ಳೋಣ. ಆಯಾ ವರ್ಷದ ತಂಡದ ಮಕ್ಕಳು ಕೈಯೆತ್ತಿ ಒಪ್ಪಿದರೆ ಆ ಬಾಳನ್ನು ಕಲಿತು, ಮುಂದಿನವರಿಗೆ ಹೇಳುತ್ತಾರೆ. ಸಾಲಾಗಿ ಮೂರು ತಂಡ ಒಲ್ಲೆ ಎಂದರೆ ಆ ವ್ಯಕ್ತಿಯ ಚಿತ್ರ, ದನಿ ಎಲ್ಲವನ್ನೂ ಅಳಿಸಿ ಆ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ನಿಮ್ಮನ್ನು ಎರಡು ತಂಡಗಳು ಒಲ್ಲೆ ಎಂದಿದ್ದವು. ಇದು ಮೂರನೆಯದು. ಹೀಗೆ ನೇರವಾಗಿ ಬರೆಯುವುದು ಒರಟಾಗಿ ಕಾಣಬಹುದು. ಆದರೆ ನೀವು ಮಾತು ಸುತ್ತಿ ಬಳಸುವವರಲ್ಲ ಎಂದು ಬಲ್ಲೆ.

ಮೊದಲ ತಂಡಕ್ಕೆ ನಿಮ್ಮ ಖ್ಯಾತಿಯನ್ನಷ್ಟೇ ಹೇಳಿದ್ದರಂತೆ: ಪ್ರಶಸ್ತಿಗಳು, ಟಿವಿ, ಮಂತ್ರಿಗಳ ಜೊತೆಗಿನ ಫೋಟೋ. ಮಕ್ಕಳು ಆಕಳಿಸಿದರು. ಎರಡನೇ ತಂಡಕ್ಕೆ ಪಾಠ ಹೇಳಿದವರು ಗಿರಿಜಕ್ಕೋರು. (ಶಾಲೆಯ ಬಾಯಂದಿರನ್ನು ಅಕ್ಕೋರು ಎನ್ನುವುದು ನಿಮ್ಮ ಕಾಲದಿಂದ ಹಾಗೇ ಉಳಿದಿದೆ.) ನನಗಿಂತ ಹಿರಿಯರು, ಆ ಹಳೆಯ ಪುಸ್ತಕಗಳನ್ನು ಕೊಟ್ಟು ನನ್ನಿಂದ ಕನ್ನಡ ಬರೆಯಿಸಿದವರು. ಅವರು ನೀವು ಬಡಿಸುವ ವಿಡಿಯೋ ಚಿತ್ರವನ್ನು ತೋರಿಸಿದರು. ಒಂದು ಮಗು ಹೆದರಿ ಅತ್ತುಬಿಟ್ಟಿತಂತೆ.

ಈ ಸಲ ಅವರು ನನ್ನನ್ನು ಕರೆದು ಹೇಳಿದರು, “ಚಂಪಕಾ, ಆ ನೀಡೂದೊಂದು ಬಿಟ್ಟಬಿಡವಾ. ರೊಟ್ಟಿ ಬಡಿಯೂದು ತೋರಸು, ಬದನಿಕಾಯಿ ಹೆಚ್ಚೂದು ತೋರಸು. ನೀಡೂದು ಬ್ಯಾಡ.”

“ನೀಡೂದು ಬಿಟ್ರ ಉಳಿಯೂದು ಯಾರ್ರೀ?” ಎಂದೆ.

“ಹೆಸರರೆ ಉಳಿತೈತಲ್ಲ” ಎಂದರು.

ಅವರ ಮಾತನ್ನು ಕೇಳಿದೆ. ಕೆಲವು ದಿನ ಹಾಗೆಯೇ ಪಾಠ ನಡೆಸಿದೆ. ಗಂಡನನ್ನು ಕಳೆದುಕೊಂಡು ಸಣ್ಣ ವಯಸ್ಸಿನಲ್ಲೇ ಖಾನಾವಳಿ ತೆರೆದದ್ದು, ನಿಮ್ಮ ಬದನೆಕಾಯಿ ಎಣಗಾಯಿಯೊಂದಕ್ಕೇ ಆಸೆಪಟ್ಟು ದೂರದ ಬಸ್ಸಿನ ಚಾಲಕರು ಗದಗಿನಲ್ಲೇ ಊಟಕ್ಕೆ ನಿಲ್ಲಿಸುತ್ತಿದ್ದದ್ದು, ಟಿವಿಯವರು ನಿಮ್ಮನ್ನು ಹುಡುಕಿಕೊಂಡು ಬಂದದ್ದು. ಮಕ್ಕಳು ತಲೆಯಾಡಿಸಿದರು. ಎಲ್ಲ ಸುಸೂತ್ರವಾಗಿತ್ತು. ನಂತರ ಕೇಳಿದ್ದನ್ನು ಬಿಡಿಸಿ ತೋರಿಸಿ ಎಂದೆ. ಹೆಚ್ಚುಕಡಿಮೆ ಎಲ್ಲರ ಚಿತ್ರದಲ್ಲೂ ನೀವು ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಬೆನ್ನು ತಿರುಗಿಸಿ ಹೋಗುತ್ತಿದ್ದಿರಿ. ನಮ್ಮ ಬುತ್ತಿಮನೆಯವರಿಗೆ ಇಳಕಲ್ ಸೀರೆ ಉಡಿಸಿದ ಹಾಗಿತ್ತು. ಆ ಹಾಳೆಗಳನ್ನು ನೋಡುತ್ತ, ನಾನು ಮಕ್ಕಳಿಗೆ ಪರಿಚಯಿಸುತ್ತಿರುವುದು ಯಾರನ್ನು ಎಂದು ಕೇಳಿಕೊಂಡೆ. ಇಲ್ಲದ ಒಬ್ಬಳನ್ನು ಉಳಿಸಲು ಇದ್ದ ಒಬ್ಬರನ್ನು ಅಳಿಸಬೇಕೆ? ಮರುದಿನ ನೀವು ಬಡಿಸುವ ಆ ವಿಡಿಯೋ ಚಿತ್ರವನ್ನೇ ತರಗತಿಗೆ ಒಯ್ದೆ.

ಯಾವುದೆಂದು ನಿಮಗೆ ನೆನಪಿರಬಹುದು. ಟಿವಿಯವರು ಮೊದಲ ಸಲ ನಿಮ್ಮ ಖಾನಾವಳಿಗೆ ಬಂದಾಗ ತೆಗೆದದ್ದು. ಖಾಕಿ ಅಂಗಿಯ ದಪ್ಪನೆಯ ಚಾಲಕರೊಬ್ಬರು ಗೋಡೆಗೆ ಒರಗಿ ಕುಳಿತಿದ್ದಾರೆ. ನೀವು ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬರುತ್ತೀರಿ.

“ಸಾಕ್ರಿ ಯವ್ವಾ, ಹೊಟ್ಟಿ ಒಡದ ಹೋಗತೈತಿ.”

“ಒಡದ್ರ ಹೊಲಿದ ಕೊಡತೇನಿ, ತಿನ್ನು.”

“ಒಲ್ಲೆ ಅಂದ್ನೆಲ್ಲಬೇ! ಗಾಡಿ ಯಾರ ಹೊಡಿಬೇಕು ಹಿಂಗಾದ್ರ?”

“ಅರ್ಧಾ. ಬರೇ ಅರ್ಧಾ ಹಾಕತೇನಿ, ನನ್ನ ಸಲುವಾಗಿ.” ಹೀಗೆ ಹೇಳಿ ನೀವು ಇಡೀ ರೊಟ್ಟಿ ಹಾಕುತ್ತೀರಿ, ಮೇಲೆ ಒಂದು ಮುದ್ದೆ ಬೆಣ್ಣೆ. ಆ ಮನುಷ್ಯ ಹಣೆ ಚಚ್ಚಿಕೊಂಡು ನಗುತ್ತಾನೆ, ತಿನ್ನುತ್ತಾನೆ.

ತರಗತಿಯಲ್ಲಿ ಯಾರೂ ನಗಲಿಲ್ಲ. ಕಲ್ಲವ್ವ ಎಂಬ ಹುಡುಗಿ ಮೊದಲು ಬಾಯಿ ಬಿಟ್ಟಳು. ಹಳೆಯ ಹೆಸರುಗಳು ನಮ್ಮಲ್ಲಿ ಮತ್ತೆ ಚಾಲ್ತಿಗೆ ಬಂದಿವೆ.

“ಅಕ್ಕೋರ, ಆಕಿಗೆ ಕಿವಿ ಕೇಳಸ್ತಿರಲಿಲ್ಲೇನ್ರಿ?”

“ಕೇಳಸ್ತಿತ್ತವಾ.”

“ಮತ್ತ ಅರ್ಧಾ ಅಂದು ಪೂರಾ ಹಾಕಿದ್ರಲ್ರಿ! ಸುಳ್ಳ ಹೇಳ್ಯಾರ!”

ಫಕೀರೇಶ ಎದ್ದು ನಿಂತ. ತರಗತಿಯಲ್ಲಿ ನಿಯಮಗಳ ಮೇಲೆ ಕಣ್ಣಿಟ್ಟಿರುವವನು ಅವನೇ. ನಾನು ತಡವಾಗಿ ಬಂದರೆ ನನ್ನನ್ನೂ ಕೇಳುತ್ತಾನೆ. “ಆ ಮನಿಷಾ ಯಾಕ ನಗತಾನ್ರಿ? ಅವನ ಮಾತು ಯಾರೂ ಕೇಳವಲ್ರು, ಅವಾ ನಗಾಕತ್ಯಾನ.”

ಅದಕ್ಕೆ ಉತ್ತರ ಹೇಳಲು ಹೊರಟು ತೊದಲಿದೆ. ಅದೊಂದು ರೀತಿಯ ಆಟ, ಬೇಡ ಎನ್ನುವುದೂ ಹಾಕುವುದೂ ಇಬ್ಬರಿಗೂ ಗೊತ್ತಿದ್ದ ಆಟ, ನಿಜವಾಗಿ ಸಾಕಾದವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ಬಗ್ಗಿಬಿಡುತ್ತಿದ್ದರು, ಆಗ ನೀವು ಸುಮ್ಮನಾಗುತ್ತಿದ್ದಿರಿ ಎಂದೆ. ಇದನ್ನೆಲ್ಲ ನಾನು ಚಿತ್ರಗಳಲ್ಲಿ ಕಂಡು ಊಹಿಸಿದ್ದು. ನನಗೆ ಯಾರೂ ಹಾಗೆ ಬಡಿಸಿಲ್ಲ. ನನ್ನ ತಾಯಿ ನನ್ನನ್ನು ಬಹಳ ಪ್ರೀತಿಸುತ್ತಿದ್ದಳು. ಆದರೆ ತುತ್ತು ತಿನ್ನಿಸುವಾಗ ನಾನು ಸಾಕು ಎಂದರೆ ಎಂದೂ ಅದನ್ನು ಎರಡನೇ ಸಲ ಹೇಳಿಸಿಕೊಂಡವಳಲ್ಲ. ಹೀಗಿರುವಾಗ ಒತ್ತಾಯದ ಸವಿ ಮಕ್ಕಳಿಗೆ ತಿಳಿಸಲು ನನಗೆ ಏನು ಅಧಿಕಾರ ಎಂಬ ಅನುಮಾನ ಮಾತಿನ ನಡುವೆಯೇ ಬಂತು.

ಹೇಳಿದರೆ ತಿಳಿಯುವುದಿಲ್ಲ, ಆಡಿ ನೋಡೋಣ ಎಂದೆ. ಬುತ್ತಿಮನೆಯಲ್ಲಿ ಯಾರ ಪಾಲಿಗೂ ಸೇರದೆ ಮಿಕ್ಕಿದ್ದ ಕಡಕ್ ರೊಟ್ಟಿ ತರಿಸಿದೆ. ಕಲ್ಲವ್ವ ನೀವಾದಳು. ಫಕೀರೇಶ ಚಾಲಕನಾದ. ಅವಳು ಒಂದು ರೊಟ್ಟಿ ಹಾಕಿದಳು. ಅವನು “ಸಾಕು” ಎಂದ. ಅವಳ ಕೈ ಅಲ್ಲೇ ನಿಂತಿತು. ಹಾಕು, ಹಾಕು ಎಂದು ಎಲ್ಲರೂ ಕೂಗಿದರು. ಅವಳು ಕೈ ಮುಂದೆ ಚಾಚುತ್ತಾಳೆ, ಅವನು “ಸಾಕು” ಎನ್ನುತ್ತಾನೆ, ಕೈ ತಾನಾಗಿಯೇ ಹಿಂದೆ ಬರುತ್ತದೆ. ಕೈಗೆ ಅಷ್ಟು ಚೆನ್ನಾಗಿ ಕಲಿಸಿದ್ದೇವೆ. ಈಗ ಮಕ್ಕಳು ನಕ್ಕರು, ಅವಳೂ ನಕ್ಕಳು. “ಲೇ, ಬಾಯಿ ಮುಚ್ಚಗೊಂಡ ಕುಂದರೊ, ನನಗ ಹಾಕಾಕ ಬರವಲ್ತು!” ಎಂದು ಬೈದಳು. “ಬಾಯಿ ಮುಚ್ಚಿದ್ರ ಆಟ ಹೆಂಗಾತು?” ಎಂದ ಅವನು. ಕಡೆಗೆ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, “ಅರ್ಧಾ ಅಷ್ಟ!” ಎಂದು ಕಿರುಚಿ, ರೊಟ್ಟಿಯನ್ನು ಅವನ ತಟ್ಟೆಗೆ ಬಿಟ್ಟಳು. ಎಲ್ಲರೂ ಹೋ ಎಂದರು.

ಫಕೀರೇಶ ರೊಟ್ಟಿಯನ್ನೇ ನೋಡುತ್ತ ಕುಳಿತ. ಮುಖದಲ್ಲಿ ಏನೋ ನಾಚಿಕೆ, ಏನೋ ಖುಷಿ. ತುದಿ ಮುರಿದು ಬಾಯಿಗಿಟ್ಟುಕೊಂಡ. ಆಮೇಲೆ ಕೇಳಿದ, “ಇದು ಯಾರ ಪಾಲು?”

“ನಂದು” ಎಂದಳು ಕಲ್ಲವ್ವ. ಆಟವಾದ್ದರಿಂದ ಹಾಗೆ ಅಂದಳು.

“ಮತ್ತ ನಿನಗ?”

ಅವಳು ನನ್ನ ಕಡೆ ತಿರುಗಿದಳು. “ಅಕ್ಕೋರ, ಶಾವಂತ್ರೆವ್ವ ಯಾವಾಗ ಉಣ್ಣತಿದ್ರು? ಅವರಿಗೆ ಯಾರು ನೀಡತಿದ್ರು?”

ಇಷ್ಟು ದಿನ ನಿಮ್ಮ ಬಾಳನ್ನು ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮುಂದಿನ ದಿನಗಳಲ್ಲಿ ನಾವೆಲ್ಲ ಸೇರಿ ನಿಮ್ಮ ಚಿತ್ರಗಳನ್ನು ಮತ್ತೆ ಮೊದಲಿನಿಂದ ನೋಡಿದೆವು. ಶಾಲೆ ಮುಗಿದ ಮೇಲೂ ಮಕ್ಕಳು ಏಳಲಿಲ್ಲ. ನೀವು ರೊಟ್ಟಿ ಬಡಿಯುತ್ತೀರಿ, ಒಗ್ಗರಣೆ ಹಾಕುತ್ತೀರಿ, ಬೇರೆಯವರ ಅಡುಗೆಯನ್ನು ಬೆರಳ ತುದಿಯಲ್ಲಿ ನೆಕ್ಕಿ ಹುಬ್ಬು ಗಂಟಿಕ್ಕುತ್ತೀರಿ, ದೊಡ್ಡವರಿಗೂ ಚಿಕ್ಕವರಿಗೂ ನೀಡುತ್ತೀರಿ. ಕುಳಿತು ಊಟ ಮಾಡಿದ್ದು ಎಲ್ಲಿಯೂ ಇಲ್ಲ. ಒಂದು ಕಡೆ ಮಾತ್ರ, ನಿಮ್ಮನ್ನು ಮಾತನಾಡಿಸಲು ಬಂದ ಹುಡುಗಿ, “ಬರ್ರಿ ಅವ್ವಾರ, ನೀವೂ ಕುಂದರ್ರಿ ನಮ್ಮ ಕೂಡ” ಎನ್ನುತ್ತಾಳೆ. ನೀವು “ನಂದ ಆಮ್ಯಾಲೆ, ನೀ ಉಣ್ಣು” ಎಂದು ಒಳಗೆ ಹೋಗುತ್ತೀರಿ. ಚಿತ್ರ ಅಲ್ಲಿಗೆ ನಿಲ್ಲುತ್ತದೆ.

“ಆಮ್ಯಾಲೆ ಅಂದ್ರ ಯಾವಾಗರಿ?” ಎಂದು ಕಲ್ಲವ್ವ ಕೇಳಿದಳು.

ಒತ್ತಾಯದ ವಿಷಯ ಆ ಹೊತ್ತಿಗೆ ಹಿಂದೆ ಸರಿದುಹೋಗಿತ್ತು. ಅದನ್ನು ಆಟವೆಂದು ಒಪ್ಪಿದ್ದರು. ಬಿಡುವಿನಲ್ಲಿ ಒಬ್ಬರಿಗೊಬ್ಬರು ಕಲ್ಲು, ಎಲೆ, ಸೀಮೆಸುಣ್ಣ ಎಲ್ಲವನ್ನೂ “ಅರ್ಧಾ ಅಷ್ಟ” ಎಂದು ಬಡಿಸುತ್ತಿದ್ದರು. ಈಗಿನದು ಬೇರೆ, ಆಟವಲ್ಲದ್ದು. ಫಕೀರೇಶ ಅದನ್ನು ಬಾಯಿಬಿಟ್ಟು ಹೇಳಿದ, “ಅವರು ತಾವು ಉಪಾಸ ಇದ್ದು ಮಂದಿಗೆ ನೀಡಿದ್ರ ನಾ ಕೈ ಎತ್ತಂಗಿಲ್ರಿ. ನಮ್ಮ ಮುತ್ತಜ್ಜಿ ಹಂಗ ಸತ್ತಾಳ.” ಅವನದಷ್ಟೇ ಅಲ್ಲ, ಆ ತರಗತಿಯ ಪ್ರತಿ ಮನೆಯಲ್ಲೂ ಅಂಥ ಒಬ್ಬಳಿದ್ದಾಳೆ. ಮಕ್ಕಳು ಒಬ್ಬೊಬ್ಬರಾಗಿ ಅವನ ಕಡೆ ಸೇರಿದರು. ಅವರನ್ನು ತಪ್ಪೆನ್ನಲಾರೆ.

ಕೈಯೆತ್ತುವ ದಿನ ಹತ್ತಿರ ಬರುತ್ತಿತ್ತು. ಗಿರಿಜಕ್ಕೋರು ನನ್ನನ್ನು ಪಕ್ಕಕ್ಕೆ ಕರೆದರು.

“ಉಂಡಾರ ಅಂದಬಿಡ. ಮಂದಿ ಎಲ್ಲಾ ಎದ್ದ ಮ್ಯಾಲೆ, ಒಲಿ ಮುಂದ ಕುಂತು, ಹೆಣ್ಮಕ್ಕಳೆಲ್ಲ ಕೂಡಿ ನಕ್ಕೋತ ಉಂಡಾರ ಅನ್ನು. ಇರಬಹುದಲ್ಲ?”

“ಇರಬಹುದ್ರಿ.”

“ಮತ್ಯಾಕ ತಡಾ? ಇಲ್ಲಂತ ಹೇಳಾಕ ಯಾರ ಬರತಾರ?”

ಅವರದು ಕೆಟ್ಟ ಸಲಹೆಯಲ್ಲ. ಬಹುಶಃ ನಿಜವೂ ಹೌದು. ಖಾನಾವಳಿಯ ಒಳಕೋಣೆಯಲ್ಲಿ ನೀವೂ ನಿಮ್ಮ ಜೊತೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳೂ ತಣ್ಣಗಾದ ಹಿಟ್ಟಿನ ಪಲ್ಯದ ಜೊತೆ ಉಳ್ಳಾಗಡ್ಡಿ ಗುದ್ದಿಕೊಂಡು, ದಿನದ ಗಿರಾಕಿಗಳನ್ನು ಆಡಿಕೊಂಡು ನಗುತ್ತಿದ್ದ ದೃಶ್ಯವನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡೆನೆಂದರೆ ಅದು ಕಂಡ ಹಾಗೇ ಆಗಿದೆ. ಹೇಳಿಬಿಟ್ಟಿದ್ದರೆ ಮಕ್ಕಳು ನಂಬುತ್ತಿದ್ದರು. ನೀವು ಉಳಿಯುತ್ತಿದ್ದಿರಿ. ಹೇಳದಿರುವುದು ನನ್ನ ಹಟವೋ, ಪ್ರಾಮಾಣಿಕತೆಯೋ, ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದರೆ ಮಗು ಕೇಳಿದ್ದು ನೀವು ಉಂಡಿರಾ ಎಂದು. ನಿಮ್ಮ ಬಾಳಿನಲ್ಲಿ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ಅದಕ್ಕೆ ನಾನು ಕಟ್ಟಿದ ಉತ್ತರ ಕೊಟ್ಟರೆ, ಕೇಳದೆ ಬಿಟ್ಟವರ ಸಾಲಿಗೆ ನಾನೂ ಸೇರುತ್ತೇನೆ ಅನ್ನಿಸಿತು.

“ನನಗ ಗೊತ್ತಿಲ್ಲ” ಎಂದು ತರಗತಿಯಲ್ಲಿ ಹೇಳಿದೆ.

 ಕೈಯೆತ್ತುವುದಿದ್ದರೆ ಈಗಲೇ ಎತ್ತಿಬಿಡಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕಲ್ಲವ್ವ, “ಗೊತ್ತಿಲ್ಲಂದ್ರ ಕೇಳೂಣಲ್ರಿ” ಎಂದಳು.

“ಯಾರನ್ನ?”

“ಅವರನ್ನ! ಹಿಂದಂಚಿ ಐತಲ್ಲ.”

“ಉತ್ತರ ಬರಂಗಿಲ್ಲವಾ ಅದರಾಗ.”

“ಬರ್ಯೂದ್ ಬ್ಯಾಡ್ರಿ ಅವರು. ಉಣ್ಣಲಿ ಸಾಕು. ಯಾರರೆ ಫೋಟೋ ತಗಿತಾರ, ಟಿವಿಯವರ ಇರತಾರಲ್ಲ ಅವರ ಬೆನ್ನ ಹಿಂದ.” ಎಂದು ಹೇಳಿ, ನನಗೆ ಬುದ್ಧಿ ಕಡಿಮೆ ಎಂಬಂತೆ ಬಿಡಿಸಿ ಹೇಳಿದಳು, “ಪೆಟಗಿ ಐತಲ್ರಿ ಇನ್ನೊಂದು, ತಗಿಲಾರದ್ದು. ಆ ಫೋಟೋ ಅದರಾಗ ಇರಬಹುದು.”

ಅವಳು ಹೇಳಿದ ಪೆಟ್ಟಿಗೆ ಇದು. ಗದಗಿನ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸಿಕ್ಕ ನಿಮ್ಮ ಕಾಲದ ಚಿತ್ರಗಳ ಕೊನೆಯ ಪೆಟ್ಟಿಗೆ, ಹಳೆಯ ಚಿತ್ರ, ದನಿಗಳನ್ನು ಕಾಯ್ದಿಡುವ ನಮ್ಮ ನೆನಪಿನ ಮನೆಯಲ್ಲಿ ಇನ್ನೂ ತೆರೆಯದೆ ಉಳಿದಿದೆ. ಅದರಲ್ಲಿ ನೀವು ಇದ್ದೀರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮದುವೆ ಮನೆಗಳು, ಉದ್ಘಾಟನೆಗಳು, ಯಾರ್ಯಾರೋ ಮೊಬೈಲಿನಲ್ಲಿ ಹಿಡಿದ ಚೂರುಪಾರು ಇರಬಹುದು ಎನ್ನುತ್ತಾರೆ. ಮಕ್ಕಳು ನೆನಪಿನ ಮನೆಯ ಹಿರಿಯರ ಮುಂದೆ ಹೋಗಿ ನಿಂತರು. ಮಾತಾಡಿದವನು ಫಕೀರೇಶ. ಪತ್ರ ಹೋದ ಮರುದಿನ ತಮ್ಮೆದುರೇ ಪೆಟ್ಟಿಗೆ ತೆರೆಯಬೇಕು, ಅಲ್ಲಿಯವರೆಗೂ ಕೈಯೆತ್ತಿಸಬಾರದು ಎಂದು ಕೇಳಿದ. ಇದಕ್ಕೆ ನಿಯಮದಲ್ಲಿ ಜಾಗವಿಲ್ಲ ಎಂದರು ಹಿರಿಯರು. “ನಿಯಮದಾಗ ಬ್ಯಾಡ ಅಂತನೂ ಇಲ್ಲಲ್ರಿ, ನಾ ಓದೇನಿ” ಎಂದ ಅವನು. ಅವರಲ್ಲೊಬ್ಬರು ನಕ್ಕರು, ಅಷ್ಟಕ್ಕೆ ಕೆಲಸವಾಯಿತು. ವರ್ಷದ ಕೊನೆಯಲ್ಲಿ, ಈ ಗಾಳಿ ತಿಂಗಳು ಕಳೆದ ಮೇಲೆ, ಯಾವ ತಿಂಗಳಿಗೂ ಸೇರದ ಐದು ದಿನ ನಮ್ಮಲ್ಲಿ ಉಳಿಯುತ್ತವೆ. ಬಿಡಿದಿನ ಎನ್ನುತ್ತೇವೆ, ಆಗ ಯಾವ ಕಟ್ಟೂ ಅಷ್ಟು ಬಿಗಿಯಾಗಿರುವುದಿಲ್ಲ. ಆ ದಿನಗಳಲ್ಲಿ ಮಾಡಿಕೊಳ್ಳಿ ಎಂದರು.

ಆದ್ದರಿಂದ ಈ ಪತ್ರ. ಈಗ ನನ್ನ ಕೋರಿಕೆ.

ಇದನ್ನು ಓದಿದ ಮೇಲೆ, ನಿಮ್ಮ ಕೈ ಬಿಡುವಾದ ಯಾವುದೋ ಒಂದು ದಿನ, ನೀವು ಕುಳಿತು ಊಟ ಮಾಡಬೇಕು. ಅಡುಗೆಮನೆಯ ಮೂಲೆಯಲ್ಲಿ, ನಿಂತುಕೊಂಡು, ಬೋಗುಣಿಯಿಂದಲೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳುವುದಲ್ಲ. ಗಿರಾಕಿಗಳು ಕೂರುವ ಕಡೆ, ಗೋಡೆಗೆ ಒರಗಿ, ಕಾಲು ಮಡಚಿ ಕುಳಿತು. ಬುಟ್ಟಿಯನ್ನು ಇನ್ನೊಬ್ಬರ ಸೊಂಟಕ್ಕೆ ಕೊಡಿ. ಯಾರು ಬಡಿಸಬೇಕೆಂದು ಆರಿಸುವ ಹಕ್ಕು ನಿಮ್ಮದು: ನಿಮ್ಮ ಮಗಳೋ, ರೊಟ್ಟಿ ಬಡಿಯುವ ಗೆಳತಿಯೋ, ಆ ಖಾಕಿ ಅಂಗಿಯ ಚಾಲಕರೋ. ಅವರು ಒರಟಾಗಿ ಬಡಿಸಿದರೂ, ಪಲ್ಯ ಚೆಲ್ಲಿದರೂ ಎದ್ದು ಹೋಗಿ ಸರಿ ಮಾಡಬೇಡಿ. ಪಕ್ಕದಲ್ಲಿ ಯಾರಾದರೂ ಮೊಬೈಲ್ ಹಿಡಿದಿದ್ದರೆ ತೆಗೆಯಲಿ ಬಿಡಿ. ನಾಚಿಕೆಯಾದೀತು, ಬಾಯಿ ತುಂಬಿದಾಗ ಯಾರಿಗೂ ಚಿತ್ರ ತೆಗೆಸಿಕೊಳ್ಳಲು ಇಷ್ಟವಿರುವುದಿಲ್ಲ. ಆದರೂ.

ಇದು ಮೂವತ್ತು ಮಕ್ಕಳ ಕೈ ಮೇಲೇಳಲಿ ಎಂಬುದಕ್ಕಾಗಿ ಮಾತ್ರ ಕೇಳುತ್ತಿರುವುದೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮೊದಲು ಹಾಗೇ ಇತ್ತು. ಈ ಪತ್ರ ಬರೆಯುತ್ತ ಬರೆಯುತ್ತ ಅದು ಬದಲಾಯಿತು. ಪೆಟ್ಟಿಗೆಯಲ್ಲಿ ಮದುವೆ ಮನೆಗಳಷ್ಟೇ ಇರಬಹುದು. ನೀವು ಉಂಡ ದಿನ ಯಾರ ಕೈಯಲ್ಲೂ ಮೊಬೈಲ್ ಇಲ್ಲದಿರಬಹುದು. ಆಗ ಮಕ್ಕಳು ಕೈ ಕೆಳಗೆ ಇಟ್ಟುಕೊಂಡೇ ಕೂರುತ್ತಾರೆ, ನಿಮ್ಮ ಚಿತ್ರಗಳು ಅಳಿಯುತ್ತವೆ, ನಾನು ಅದನ್ನು ತಡೆಯಲಾರೆ. ಹಾಗಾದರೂ ನೀವು ಹೊಟ್ಟೆ ತುಂಬ ಉಂಡಿದ್ದೀರಿ ಎಂದರೆ ನನಗೆ ಈ ಪತ್ರ ದಂಡವಾಯಿತು ಎನ್ನಿಸುವುದಿಲ್ಲ.

ಪೆಟ್ಟಿಗೆ ತೆರೆಯುವಾಗ ಮುಂದಿನ ಸಾಲಿನಲ್ಲಿ ಯಾರು ಕೂರಬೇಕೆಂದು ಕಲ್ಲವ್ವನೂ ಫಕೀರೇಶನೂ ಈಗಾಗಲೇ ಜಗಳವಾಡುತ್ತಿದ್ದಾರೆ. ನಾನು ಹಿಂದೆ, ಬಾಗಿಲ ಹತ್ತಿರ ನಿಲ್ಲುತ್ತೇನೆ. ರೊಟ್ಟಿ ಬಿಸಿ ಇರುವಾಗಲೇ ಕುಳಿತುಕೊಳ್ಳಿ, ಶಾವಂತ್ರೆವ್ವನವರೇ. ಮಂದಿ ಕಾಯಲಿ.

ಪ್ರೀತಿಯಿಂದ,
ಚಂಪಕಾ ಡೋಣಿ

ಅಂಚೆಗೆ ಹಾಕುವುದು: ಎರಡನೇ ಬಿಡಿದಿನ, 2187